ನೆರಳಿಗೂ ಒಂದು ಬೇಸಾಯವಿದೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೈತೋಟದ ಮಾತೆತ್ತಿದರೆ, ಬಿಸಿಲಿಲ್ಲದ ತಾರಸಿಯವರಿಗೆ ಸಿಗುವ ಸಲಹೆ ಒಂದೇ: ಆಸೆ ಬಿಡಿ, ಬೇಕಿದ್ದರೆ ಮನಿಪ್ಲಾಂಟ್ ಇಟ್ಟುಕೊಳ್ಳಿ. ಹೀಗೆ ಹೇಳುವವರು ಅನುಭವಸ್ಥರು. ಅವರ ಮಾತಿಗೆ ಆಧಾರವೂ ಇದೆ. ಟೊಮೆಟೊ, ಬದನೆ, ಮೆಣಸಿನಕಾಯಿಯಂಥ ಗಿಡಗಳು ಚೆನ್ನಾಗಿ ಕಾಯಿ ಬಿಡಬೇಕಾದರೆ ದಿನಕ್ಕೆ ಸುಮಾರು ಆರು ತಾಸು ನೇರ ಬಿಸಿಲು ಬೇಕು. ಅದಿಲ್ಲದಿದ್ದರೆ ಗಿಡ ಸಣಕಲಾಗಿ ಉದ್ದಕ್ಕೆ ಎಳೆಯುತ್ತದೆ, ಹೂ ಉದುರಿಸುತ್ತದೆ. ಆದರೆ ಇಷ್ಟರಿಂದ ನೆರಳಿನಲ್ಲಿ ತೋಟವೇ ಆಗದು ಎಂದು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ.

ನಮ್ಮ ನಾಡಿನ ಬೆಲೆಬಾಳುವ ಬೆಳೆಗಳನ್ನೇ ನೋಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಯುವುದು ಮರಗಳ ನೆರಳಿನಲ್ಲಿ. ಮಲೆನಾಡಿನ ಅಡಿಕೆ ತೋಟದಲ್ಲಿ ಮರಕ್ಕೆ ಕಾಳುಮೆಣಸು, ವೀಳ್ಯದೆಲೆಯ ಬಳ್ಳಿ ಹಬ್ಬಿರುತ್ತದೆ. ಕೆಳಗೆ ಏಲಕ್ಕಿ ಬೆಳೆಯುತ್ತದೆ. ತಂಬುಳಿಗೆ ಒದಗುವ ಒಂದೆಲಗ ಹರಡುವುದೂ ಅಲ್ಲಿಯ ತಂಪು ಜಾಗದಲ್ಲೇ. ನೆರಳನ್ನು ಕೊರತೆಯೆಂದು ಎಣಿಸುವಾಗ ನಾವು ಹೊಲದ ಲೆಕ್ಕವನ್ನು ತಾರಸಿಗೆ ಹಚ್ಚುತ್ತಿರುತ್ತೇವೆ. ಹಚ್ಚಬೇಕಾದದ್ದು ತೋಟದ ಲೆಕ್ಕ.

ನೆರಳೆಂಬುದು ವರ್ಷವಿಡೀ ಒಂದೇ ತೆರನಾಗಿಯೂ ಇರುವುದಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಈ ಎರಡರ ನಡುವೆ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ ಬಿಸಿಲನ್ನೇ ಕಾಣದ ಉತ್ತರದಿಕ್ಕಿನ ಬಾಲ್ಕನಿಗೆ, ಎದುರು ಕಟ್ಟಡ ಅಡ್ಡವಿರದಿದ್ದರೆ, ಮೇ ತಿಂಗಳಲ್ಲಿ ಬೆಳಿಗ್ಗೆ ಸಂಜೆ ಓರೆಬಿಸಿಲು ಬೀಳುತ್ತದೆ. ಬಿಸಿಲಿಲ್ಲದ ದಿನಗಳಲ್ಲೂ ಆಕಾಶಕ್ಕೆ ತೆರೆದ ತಾರಸಿಯ ಬೆಳಕು ಕೋಣೆಯ ಮೂಲೆಯ ಬೆಳಕಿಗಿಂತ ಹತ್ತಾರು ಪಟ್ಟು ಹೆಚ್ಚು. ನಾಲ್ಕೂ ಕಡೆ ಗೋಡೆ ಎದ್ದ ಕತ್ತಲ ಸಂದಿಯಲ್ಲಿ ಏನೂ ಬಾರದು, ನಿಜ. ಆದರೆ ಅಂಥ ತಾರಸಿಗಳು ಕಡಿಮೆ.

ಇಷ್ಟು ಬೆಳಕಿಗೆ ಒಗ್ಗುವ ಗಿಡಗಳು ಬೇಕಾದಷ್ಟಿವೆ. ಒಂದೆಲಗಕ್ಕೆ ಅಗಲವಾದ, ಆಳವಿಲ್ಲದ ಕುಂಡ ಮತ್ತು ಸದಾ ತೇವ ಬೇಕು. ಪುದೀನ ಸಂತೆಯಿಂದ ತಂದ ಕಡ್ಡಿಯಲ್ಲೇ ಬೇರು ಬಿಡುತ್ತದೆ. ದೊಡ್ಡಪತ್ರೆ ಒಂದಿಷ್ಟು ಬೆಳಕು ಬೀಳುವ ಅಂಚಿನಲ್ಲಿ, ಕಡಿಮೆ ನೀರಿನಲ್ಲಿ ಸುಖವಾಗಿರುತ್ತದೆ. ಅಡುಗೆಮನೆಯಲ್ಲಿ ಮೊಳೆತ ಶುಂಠಿಯನ್ನು ಅಗಲವಾದ ಚೀಲದಲ್ಲಿ ಹೂಳಬಹುದು. ಪತ್ರೊಡೆ ಪ್ರಿಯರು ಮಳೆಗಾಲಕ್ಕೆ ದೊಡ್ಡ ಟಬ್ಬಿನಲ್ಲಿ ಕೆಸು ನೆಡಬಹುದು. ಇಳುವರಿ ನಿಧಾನ, ಎಲೆ ಕೊಯ್ಯುವಾಗ ಕೈ ಹಿಡಿತವಿರಬೇಕು, ಅಷ್ಟೆ.

ನೆರಳಿನ ತೋಟ ಹಾಳಾಗುವುದು ಹೆಚ್ಚಾಗಿ ಅತಿನೀರಿನಿಂದ. ಬಿಸಿಲಿನ ತಾರಸಿಗೆ ಹೇಳಿದ ದಿನಕ್ಕೊಮ್ಮೆ ನೀರು, ಕುಂಡದ ತುಂಬ ಕೊಕೊಪೀಟ್ ಎಂಬ ಕ್ರಮವನ್ನು ಇಲ್ಲಿ ಪಾಲಿಸಿದರೆ ಮಣ್ಣು ಆರುವುದೇ ಇಲ್ಲ, ಬೇರು ಕೊಳೆಯುತ್ತದೆ. ಒಂದೆಲಗ, ಕೆಸುವಿನಂಥ ತೇವ ಬಯಸುವ ಗಿಡಗಳನ್ನು ಬಿಟ್ಟರೆ, ಉಳಿದವಕ್ಕೆ ಬೆರಳು ಒತ್ತಿ ಮೇಲ್ಮಣ್ಣು ಒಣಗಿದ್ದನ್ನು ಕಂಡ ಮೇಲಷ್ಟೇ ನೀರು ಹಾಕಬೇಕು. ಕೆಮ್ಮಣ್ಣಿಗೆ ಎರೆಗೊಬ್ಬರದ ಜೊತೆ ಒಂದಿಷ್ಟು ಮರಳು ಬೆರೆಸಬೇಕು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ಮೇಲೇಳಲು ಒಂದು ವಾರದಷ್ಟು ನಿಂತ ನೀರು ಸಾಕು. ಕುಂಡದಡಿಯ ತಟ್ಟೆಗಳನ್ನು ಆಗಾಗ ಬರಿದು ಮಾಡಲೇಬೇಕು. ನೂರು ಕಿಲೋಮೀಟರಿನಷ್ಟು ದೂರದಿಂದ ಕಾವೇರಿಯನ್ನು ಎತ್ತಿ ತರುವ, 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಪರದಾಡಿದ ಈ ಊರಿನಲ್ಲಿ, ಕಡಿಮೆ ನೀರು ಕೇಳುವ ತೋಟವನ್ನು ಎರಡನೆಯ ದರ್ಜೆಯದೆಂದು ಹೇಗೆ ಕರೆಯುವುದು?

ಟೊಮೆಟೊವನ್ನು ಕೋಲಾರದ ರೈತರು ನಮಗಿಂತ ಎಷ್ಟೋ ಚೆನ್ನಾಗಿ ಬೆಳೆಯುತ್ತಾರೆ. ಅದನ್ನು ಅವರಿಂದಲೇ ಕೊಳ್ಳೋಣ. ಕೊಯ್ದ ಕೂಡಲೇ ಬಾಡತೊಡಗುವ ಒಂದೆಲಗ, ಊಟದ ಹೊತ್ತಿಗೆ ಮೂರೇ ಎಲೆ ಬೇಕಾಗುವ ದೊಡ್ಡಪತ್ರೆ ಅಂಗಡಿಯಲ್ಲಿ ಸಿಗುವುದು ಅಪರೂಪ. ಮನೆಯಲ್ಲೇ ಬೆಳೆದುಕೊಳ್ಳಬೇಕಾದವು ಇವೇ, ಇವಕ್ಕೆ ನೆರಳಿನ ತಾರಸಿ ಧಾರಾಳವಾಗಿ ಸಾಕು.