ನುಡಿವಿಚಾರ: ಬರಲಿ, ಬಂದಾಳು, ಬರಬಹುದು

ಹೆಬ್ಬಳ್ಳಿಯ ವಾಚಕರೊಬ್ಬರ ಮಗಳು ಸ್ಪ್ಯಾನಿಶ್ ಭಾಷೆಯನ್ನು ಅಭ್ಯಸಿಸುತ್ತಿರುವಳಂತೆ. ಇಚ್ಛೆ ಸಂಶಯಗಳನ್ನು ಹೇಳುವಾಗ ಅಲ್ಲಿ ಕ್ರಿಯಾಪದದ ರೂಪವೇ ಬೇರೆಯಾಗುವದು. ಕನ್ನಡದಲ್ಲಿ ಅಂಥದು ಉಂಟೊ, ಅಥವಾ "ಬಹುದು" ಎಂಬುದೊಂದರಿಂದಲೇ ಸಾಗುವದೊ ಎಂದು ಅವರು ಕೇಳಿರುವರು.

ಮೊದಲು ಸ್ಪ್ಯಾನಿಶ್ ಕ್ರಮವನ್ನು ನೋಡೋಣ. "ಆಬ್ಲಾರ್" ಎಂದರೆ ಮಾತನಾಡು. "ಆಬ್ಲ" ಎಂದರೆ ಮಾತನಾಡುತ್ತಾನೆ, "ಆಬ್ಲೆ" ಎಂದರೆ ಮಾತನಾಡಲಿ. "ಕೊಮೇರ್" ಎಂದರೆ ಉಣ್ಣು. "ಕೋಮೆ" ಉಣ್ಣುತ್ತಾನೆ, "ಕೋಮ" ಉಣ್ಣಲಿ. ಅಕಾರವಿದ್ದಲ್ಲಿ ಎಕಾರ, ಎಕಾರವಿದ್ದಲ್ಲಿ ಅಕಾರ. ಎರಡು ಮನೆತನದವರು ಹೆಣ್ಣು ಕೊಟ್ಟು ತಂದಂತೆ! ಈರ್ ಎಂದು ಮುಗಿಯುವ ಧಾತುಗಳಿಗೂ ಅಕಾರವೇ: "ವಿವೀರ್" ಎಂದರೆ ಬಾಳು, ಅದರಿಂದ "ವಿವ". ಜಯಕಾರದ "ವಿವಾ" ಎಂಬ ಕೂಗು ಇದೇ.

ಆದರೆ ಅಲ್ಲಿ ಹಾರೈಕೆಗೂ ಸಂಶಯಕ್ಕೂ ಆ ರೂಪವೊಂದೇ. "ಎಸ್ಪೇರೊ ಕೆ ಕೋಮ" ಎಂದರೆ ಉಣ್ಣಲೆಂದು ಆಶಿಸುತ್ತೇನೆ. "ದೂದೊ ಕೆ ಕೋಮ" ಎಂದರೆ ಉಂಡಾನೆಂಬುದು ಸಂಶಯ. ನಮ್ಮಲ್ಲಿ ರೂಪಗಳೇ ಎರಡು. "ಬರಲಿ" ವಿಧ್ಯರ್ಥಕ, ಅವನು, ಅವಳು, ಅವರು, ಅದು, ಯಾರಿಗಾದರೂ ಒಂದೇ. "ಬಂದಾನು" ಸಂಭಾವನಾರ್ಥಕ, ಇದರಲ್ಲಿ ಲಿಂಗವಚನಗಳೆಲ್ಲ ಎದ್ದು ಕಾಣುವವು: ಬಂದಾನು, ಬಂದಾಳು, ಬಂದಾರು, ಬಂದೀತು, ಬಂದಾವು, ನಾನು ಬಂದೇನು, ನಾವು ಬಂದೇವು, ನೀನು ಬಂದೀಯೆ, ನೀವು ಬಂದೀರಿ. ಹಾಗೆಯೇ ಮಾಡಿಯಾನು, ಕರೆದಾನು. ವಿಚಿತ್ರವೆಂದರೆ, ಕಟ್ಟಡವು ಭೂತಕಾಲದ ಬುಡದ ಮೇಲೆ, ಅರ್ಥವು ಮುಂದಿನದು.

"ಬಹುದು" ಈ ಕೆಲಸವನ್ನೆಲ್ಲ ಮಾಡಲಾರದು. "ಪಂಚಮಿಗೆ ನಿಮ್ಮ ಮಗಳು ಬರಬಹುದು" ಎಂದು ಬೀಗರ ಕಾಗದ ಬಂದಿತೆನ್ನೋಣ. ಕಳಿಸಲು ಒಪ್ಪಿದರೊ, ಬರುವ ಸಂಭವವಿದೆಯೆಂದರೊ? ಉಂಡಿ ಕಟ್ಟಲು ಕುಳಿತ ತಾಯಿಗೆ ಈ ಭೇದ ಸಣ್ಣದಲ್ಲ. "ಬರಲಿ" ಎಂದಿದ್ದರೆ ಒಪ್ಪಿಗೆ; "ಬಂದಾಳು" ಎಂದಿದ್ದರೆ ಬರಿಯ ಸಂಭವ. ಸಂದೇಹಕ್ಕೆ ಎಡೆಯೇ ಇಲ್ಲ.

ಬರೆಯುವವರು ಈ ರೂಪವನ್ನು ಹಳೆಯದೆಂದು ಬಿಡುತ್ತಿರುವದು ನಮಗೆ ಸರಿದೋರದು. ಆಡುಮಾತಿನಲ್ಲಿ ಅದಕ್ಕೆ ಮುಪ್ಪು ಬಂದಿಲ್ಲ. "ಮಳಿ ಬಂದೀತು, ಕಣಿಕಿ ಒಳಗ ಹಾಕ್ರಿ". "ಕೂಸು ಬಿದ್ದೀತು, ಹಿಡೀ". ಇಲ್ಲಿ "ಬೀಳಬಹುದು" ಎಂದು ಹೇಳಿ ಮುಗಿಸುವಷ್ಟರಲ್ಲಿ ಕೂಸು ಬಿದ್ದೇ ಹೋದೀತು! "ಅವನೇನು ಮಾಡಿಯಾನು?" ಎಂಬಲ್ಲಿಯ ತಾತ್ಸಾರವೂ "ಬಹುದು" ಎಂಬುದರಿಂದ ಹೊರಡದು.

ಕುಮಾರಿಯು ಹೆಚ್ಚು ತಿಳಿಯಬಯಸಿದರೆ ಫರ್ಡಿನಂಡ್ ಕಿಟೆಲ್ಲರು ಇಂಗ್ಲಿಷಿನಲ್ಲಿ ಬರೆದ 1903ರ ಕನ್ನಡ ವ್ಯಾಕರಣವನ್ನು ನೋಡಲಿ. ಹಳೆಯ, ನಡುವಿನ, ಹೊಸ ಕನ್ನಡಗಳ ವಿಚಾರವೆಲ್ಲ ಅದರಲ್ಲಿದೆ. ಸ್ಪ್ಯಾನಿಶ್ ವಾಕ್ಯವನ್ನು ಕನ್ನಡಿಸುವಾಗ ಮಾತ್ರ, ಮುಂದಿರುವ ಕ್ರಿಯಾಪದವು ಆಸೆಯದೊ ಸಂಶಯದೊ ಎಂದು ಮೊದಲು ನೋಡಿಕೊಳ್ಳತಕ್ಕದ್ದು. "ಲಿ"ಯೊ "ಆನು"ವೊ ಎಂಬುದು ಅಲ್ಲಿಯೇ ತಿಳಿಯುವದು.