ದೂರುದಾರರ ನಂಬರ್ ಗ್ರೂಪಿಗೆ ಹಾಕಬೇಡಿ



ಅಟ್ರಾಸಿಟಿ ಕೇಸ್ ದಾಖಲಾದ ಕೂಡಲೇ ಎಫ್‌ಐಆರ್ ಕಾಪಿ, ನೊಂದವರ ಫೋನ್ ನಂಬರ್, ಸಾಕ್ಷಿಗಳ ಹೆಸರು ಎಲ್ಲಾ ದೊಡ್ಡ ದೊಡ್ಡ ವಾಟ್ಸಾಪ್ ಗ್ರೂಪಿಗೆ ಬಿಡೋದು ನಿಲ್ಲಬೇಕು. ಅಲ್ಲಿ ಯಾರ್ಯಾರಿದ್ದಾರೆ ಅಂತ ಎಷ್ಟೋ ಸಲ ಅಡ್ಮಿನ್‌ಗೇ ಗೊತ್ತಿರಲ್ಲ. 'ರಾಜಿ ಮಾಡ್ಕೊಳ್ಳಿ' ಅನ್ನೋ ಫೋನಿಗೆ ನಂಬರ್ ಸಿಗೋದು ಹೀಗೇ. 1989ರ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಪ್ರಕಾರ ಸಾಕ್ಷಿಗಳ ಹೆಸರು, ವಿಳಾಸವನ್ನ ಕೋರ್ಟೇ ಮರೆಮಾಡಬಹುದು. ಗ್ರೂಪಲ್ಲಿ ಮಾತ್ರ ಬಹಿರಂಗ!

ಕೇಸ್ ನೋಡ್ಕೊಳ್ಳೋ ನಾಲ್ಕೈದು ಜನ ಸಿಗ್ನಲ್‌ಗೆ ಬನ್ನಿ. 2024ರಿಂದ ಅದರಲ್ಲಿ ಯೂಸರ್‌ನೇಮ್ ಇದೆ, ನಂಬರ್ ಕೊಡದೇ ಮಾತಾಡಬಹುದು. ಮೆಸೇಜ್ ವಾರಕ್ಕೆ ತಾನಾಗೇ ಅಳಿಯೋ ಹಾಗೂ ಇಡಬಹುದು. ಸ್ಕ್ರೀನ್‌ಶಾಟ್ ತೆಗೆಯೋರಿಗೆ ಯಾವ ಆ್ಯಪಲ್ಲೂ ಮದ್ದಿಲ್ಲ, ಅದಕ್ಕೇ ನಾಲ್ಕೈದು ಜನ ಸಾಕು ಅಂದಿದ್ದು. ಮಾಹಿತಿ ತುಂಬಿಸೋ ಫಾರಂಗೆ ಕ್ರಿಪ್ಟ್‌ಪ್ಯಾಡ್ ನೋಡಿ, ಪುಕ್ಕಟೆ. ಧರಣಿ ಕರೆ, ಜಯಂತಿ ಪೋಸ್ಟರ್ ವಾಟ್ಸಾಪಲ್ಲೇ ಓಡಾಡಲಿ, ತೊಂದರೆ ಇಲ್ಲ.