ಮರಿ ತಂದಾಯ್ತು, ಮಾತು?

ಭಂಡಿಗಡಿಯ ನಮ್ಮ ಮನೆಯಲ್ಲಿ ಪಹಣಿ, ಸೊಸೈಟಿ ಪಾಸ್‌ಬುಕ್, ಕರೆಂಟ್ ಬಿಲ್ಲು ಎಲ್ಲವನ್ನೂ ತುಂಬಿಡುವ ಒಂದು ಪ್ಲಾಸ್ಟಿಕ್ ಕವರ್ ಇದೆ. ಅದರೊಳಗೆ ನಾಲ್ಕು ಮಡಿಕೆ ಮಾಡಿದ ಒಂದು ಬಿಳಿ ಹಾಳೆಯೂ ಇದೆ. ಮುಧೋಳ ತಾಲೂಕಿನ ಒಬ್ಬ ರೈತರು ನಮ್ಮ ಚಿಕ್ಕಪ್ಪನಿಗೆ ಹೆಣ್ಣು ನಾಯಿಮರಿ ಕೊಡುವಾಗ ಕೈಯಲ್ಲೇ ಬರೆದು ಸಹಿ ಹಾಕಿಸಿಕೊಂಡ ಕರಾರು ಅದು. ಅದರಲ್ಲಿ ಐದು ಮಾತು ಇದ್ದವು. ಮೂರನ್ನು ನಾವು ಮುರಿದೆವು. ಚಿಕ್ಕಪ್ಪನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಆದ್ರೆ ನನ್ನ ಹೆಸರು ಹಾಕಬೇಡ" ಎಂದ.

ಹಾಳೆಯಲ್ಲಿದ್ದದ್ದು ಇಷ್ಟು. ನಾಯಿಗೆ 18 ತಿಂಗಳು ತುಂಬುವವರೆಗೆ ಕ್ರಾಸ್ ಮಾಡಿಸಬಾರದು, ಆಮೇಲೂ ಯಾವ ಗಂಡು ಎಂದು ಅವರನ್ನು ಕೇಳಿಯೇ ಮಾಡಿಸಬೇಕು. ಹಗಲಿಡೀ ಸರಪಳಿಯಲ್ಲಿ ಕಟ್ಟಿ ಹಾಕಬಾರದು. ಲಸಿಕೆ ತಪ್ಪಿಸಬಾರದು. ಸಾಕಲು ಆಗದಿದ್ದರೆ ಬೇರೆ ಯಾರಿಗೂ ಕೊಡದೆ ಅವರಿಗೇ ವಾಪಸ್ ಮುಟ್ಟಿಸಬೇಕು. ಮೊದಲ ಸೂಲಿನ ಒಂದು ಹೆಣ್ಣು ಮರಿ ಅವರಿಗೆ ಕೊಡಬೇಕು. ಈ ಕೊನೆಯ ಮಾತಿಗಾಗಿಯೇ ಅವರು ಹಣದಲ್ಲಿ ಅರ್ಧ ಬಿಟ್ಟಿದ್ದರು. ಚಿಕ್ಕಪ್ಪ ಓದಿ, ತಲೆಯಾಡಿಸಿ, ಸಹಿ ಹಾಕಿ, ಎರಡೂವರೆ ತಿಂಗಳ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹುಬ್ಬಳ್ಳಿ, ಶಿವಮೊಗ್ಗ ದಾಟಿ ಮನೆಗೆ ತಂದ. ಮಿಂಚಿ ಎಂದು ಹೆಸರಿಟ್ಟೆವು.

ಮೊದಲು ಮುರಿದದ್ದು ಸರಪಳಿಯ ಮಾತು. ಮುಧೋಳ ನಾಯಿ ಮೂಸಿ ಹುಡುಕುವ ಜಾತಿಯದಲ್ಲ, ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಓಡುವ ಜಾತಿ. ಬಯಲುಸೀಮೆಯ ಎರೆ ಹೊಲದಲ್ಲಿ ಮೊಲದ ಹಿಂದೆ ಓಡಲು ಬೆಳೆದ ಕಾಲು ಅದು. ನಮ್ಮಲ್ಲಿ ಬಯಲೆಲ್ಲಿದೆ? ತೋಟ, ಹಳ್ಳ, ಗುಡ್ಡ, ಪಕ್ಕದ ಮನೆಯ ಕೋಳಿ. ಎಂಟು ತಿಂಗಳಿಗೆ ಮೂರು ಕೋಳಿ ಹಿಡಿಯಿತು. ಮೂರನೆಯ ಕೋಳಿಯ ದುಡ್ಡು ಕೊಟ್ಟ ದಿನ ಚಿಕ್ಕಪ್ಪ ಅಂಗಡಿಯಿಂದ ಸರಪಳಿ ತಂದ. ಮಳೆಗಾಲವಿಡೀ ಅದು ಕೊಟ್ಟಿಗೆಯ ಕಂಬದಲ್ಲಿತ್ತು. ಮೈಮೇಲೆ ಗಿಡ್ಡ ಕೂದಲು, ಚರ್ಬಿಯಂತೂ ಇಲ್ಲವೇ ಇಲ್ಲ. ಆಗುಂಬೆ ಕಡೆಯ ಗಾಳಿ ಬೀಸಿದಾಗೆಲ್ಲ ಗೋಣಿಚೀಲದ ಮೇಲೆ ಮುದುಡಿಕೊಂಡು ನಡುಗುತ್ತಿತ್ತು. ಇಂಥ ನಾಯಿಯನ್ನು ಮಲೆನಾಡಿಗೆ ತರಬೇಕಿತ್ತೇ ಎಂಬ ಪ್ರಶ್ನೆ ಬೇರೆಯೇ ಇದೆ. ಮಂಗ, ಕಾಡುಹಂದಿಯ ಕಾಟಕ್ಕೆ ನಮ್ಮೂರಿನ ಕಂತ್ರಿ ನಾಯಿಯೇ ಸಾಕಿತ್ತು, ಇಂಬಳ, ಉಣುಗು, ಜಡಿಮಳೆ ಎಲ್ಲಕ್ಕೂ ಅದಕ್ಕೆ ಅಭ್ಯಾಸವಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ತಂದಾಗಿತ್ತು, ಆ ಮಾತು ಬಿಡೋಣ.

ಹನ್ನೊಂದನೇ ತಿಂಗಳಿಗೆ ಮಿಂಚಿ ಬೆದೆಗೆ ಬಂತು. ಚಿಕ್ಕಪ್ಪನ ಗೆಳೆಯರೊಬ್ಬರ ಮನೆಯಲ್ಲಿ ಲ್ಯಾಬ್ರಡಾರ್ ಗಂಡು ಇತ್ತು. 'ಮುಧೋಳ ಕ್ರಾಸ್' ಎಂದರೆ ಮರಿಗೆ ಮೂರೂವರೆ ಸಾವಿರಕ್ಕೆ ಮೋಸವಿಲ್ಲ ಎಂದು ಇಬ್ಬರೂ ಲೆಕ್ಕ ಹಾಕಿದರು. ಹಾಳೆಯ ನೆನಪು ಮಾಡಿದೆ. "ದುಡ್ಡು ಕೊಟ್ಟು ತಂದಾಯ್ತಲ್ಲ ಮಾರಾಯ್ತಿ, ಇನ್ನೆಂಥ ಅವರ ಅಪ್ಪಣೆ?" ಎಂದ. ನಾನೂ ಅಷ್ಟಕ್ಕೆ ಸುಮ್ಮನಾದೆ.

ಎರಡು ತಿಂಗಳು ಕಳೆದು ಏಳು ಮರಿ ಹಾಕಿತು. ಮೂರು ಗಂಡು, ನಾಲ್ಕು ಹೆಣ್ಣು. ಮೂರನೇ ವಾರ ಒಂದು ಸಂಜೆ ಮಿಂಚಿಗೆ ನಡುಕ ಶುರುವಾಯಿತು. ಕಾಲು ಸೆಟೆದುಕೊಂಡವು, ಮೈ ಕೆಂಡದ ಹಾಗೆ ಸುಡುತ್ತಿತ್ತು, ನಾಲಗೆ ಹೊರಗೆ. ವಿಷ ತಿಂದಿರಬೇಕು ಎಂದುಕೊಂಡೆವು. ರಾತ್ರಿ ಬಂದ ಪಶುವೈದ್ಯರು ನೋಡಿದ ಕೂಡಲೇ ಹೇಳಿದರು: ಕ್ಯಾಲ್ಸಿಯಂ ಇಳಿದಿದೆ, ಹಸುಗಳಿಗೆ ಕರು ಹಾಕಿದ ಮೇಲೆ ಬರುತ್ತದಲ್ಲ ಹಾಲುಜ್ವರ, ಅದೇ ಜಾತಿಯದ್ದು. ಎದೆಬಡಿತ ನೋಡಿಕೊಳ್ಳುತ್ತ ನಿಧಾನವಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರು. ಬದುಕಿತು. ಇನ್ನೂ ತಾನೇ ಬೆಳೆಯುತ್ತಿದ್ದ ನಾಯಿ ಏಳು ಮರಿಗೆ ಹಾಲು ಕೊಡಬೇಕೆಂದರೆ ಮೈಯಲ್ಲಿ ಎಲ್ಲಿಂದ ಬರಬೇಕು ಎಂದು ಕೇಳಿದರು. ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಮರಿಗಳಿಗೆ ಅಂದಿನಿಂದ ತಾಯಿ ಹಾಲು ಬಿಡಿಸಿದೆವು.

ಚಿಕ್ಕಪ್ಪ ಕೆಟ್ಟವನಲ್ಲ. ಅವನ ವಾದದಲ್ಲಿ ಹುರುಳೇ ಇಲ್ಲ ಅಂತಲೂ ಹೇಳಲಾರೆ. ಹಸು ಮಾರಿದವನು ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ "ನನ್ನ ಹಸು ಹೇಗಿದೆ, ಯಾವ ಸೆಮೆನ್ ಹಾಕಿಸಿದಿರಿ" ಎಂದು ಕೇಳುತ್ತಾನೆಯೇ? ದುಡ್ಡು ಎಣಿಸಿ ಕೊಟ್ಟ ಮೇಲೆ ವಸ್ತು ನಮ್ಮದು. ಕಾನೂನಿನ ಕಣ್ಣಿಗೂ ಮಾರಾಟದ ಮಟ್ಟಿಗೆ ನಾಯಿ ಒಂದು ಸರಕೇ.

ಆದರೆ ಇದೇ ಚಿಕ್ಕಪ್ಪ ಚೇಣಿಯ ಮಾತಿಗೆ ಎಂದೂ ತಪ್ಪಿದವನಲ್ಲ. ಮಲೆನಾಡಿನ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಅಡಿಕೆ ಕೊನೆ ಮರದಲ್ಲಿರುವಾಗಲೇ ತೋಟ ಚೇಣಿಗೆ ಕೊಡುತ್ತೇವೆ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕೆಜಿ ಒಣ ಅಡಿಕೆ ಎಂದು ಜಗಲಿಯಲ್ಲಿ ಕೂತು ಮಾತಾಗುತ್ತದೆ. ಹೆಚ್ಚಿನ ಸಲ ಚೀಟಿಯೂ ಇರುವುದಿಲ್ಲ. ಆಮೇಲೆ ಇನ್ನೊಬ್ಬ ಬಂದು ಒಂದು ಕೆಜಿ ಜಾಸ್ತಿ ಕೊಡುತ್ತೇನೆ ಎಂದರೂ ಕೊಟ್ಟ ಮಾತು ಹಿಂದೆ ಹೋಗುವುದಿಲ್ಲ. ಹೋದರೆ ಮುಂದಿನ ವರ್ಷ ಅವನ ತೋಟಕ್ಕೆ ಯಾರೂ ಕಾಲಿಡುವುದಿಲ್ಲ. ಮುಧೋಳದವರಿಗೆ ಆ ಹಿಡಿತ ಇಲ್ಲ. ಅವರು ನಮ್ಮೂರಿನವರಲ್ಲ, ಮದುವೆ ಮುಂಜಿಯಲ್ಲಿ ಎದುರಾಗುವವರಲ್ಲ. ಒಂದು ನಾಯಿಮರಿಗಾಗಿ ಕೋರ್ಟಿಗೆ ಹೋಗುವವರೂ ಅಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ, ಸಹಿ ಹಾಕಿದ ಹಾಳೆಗಂತೂ ಇದ್ದೇ ಇದೆ. ಆದರೆ ದಾವೆಯ ಖರ್ಚು ನಾಯಿಯ ಬೆಲೆಗಿಂತ ಎಷ್ಟೋ ಪಟ್ಟು. ಯಾರೂ ಕೇಳುವವರಿಲ್ಲ ಎಂದು ಗೊತ್ತಿದ್ದ ಕಡೆ ನಾವು ಮಾತು ಮುರಿದೆವು, ನನಗೆ ಕಸಿವಿಸಿಯಾಗುವುದು ಅದಕ್ಕೆ.

ಹಸುವಿನ ಹೋಲಿಕೆಯೂ ಸರಿಯಲ್ಲ ಎಂಬುದು ನನಗೆ ಆಮೇಲೆ, ಆ ರೈತರೊಡನೆ ಮಾತಾಡಿದ ಮೇಲೆ, ತಿಳಿಯಿತು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಸ್ಥಳೀಯ ಬೇಟೆಗಾರರ ಬಳಿ ಇದ್ದ ಈ ನಾಯಿಯನ್ನು ಆರಿಸಿ ಬೆಳೆಸಿದರು, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಕೊಟ್ಟರು ಎಂಬ ಕಥೆ ಎಲ್ಲರಿಗೂ ಗೊತ್ತು. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ತಂದಿತು. ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದೆ, ಅಲ್ಲಿಂದ ಮರಿಗಳು ಸೈನ್ಯದ ಮೀರತ್ ತರಬೇತಿ ಕೇಂದ್ರಕ್ಕೂ ಹೋಗಿವೆ. 2018ರಲ್ಲಿ ಪ್ರಧಾನಿಗಳು ಜಮಖಂಡಿಯ ಚುನಾವಣಾ ಸಭೆಯಲ್ಲಿ ಇದರ ಹೆಸರು ತೆಗೆದರು, 2020ರ ಆಗಸ್ಟ್‌ನಲ್ಲಿ 'ಮನ್ ಕಿ ಬಾತ್'ನಲ್ಲಿ ದೇಸಿ ನಾಯಿ ಸಾಕಿ ಎಂದರು. ಚಿಕ್ಕಪ್ಪನ ತಲೆಗೆ ಮುಧೋಳ ಹೊಕ್ಕಿದ್ದು ಆ ಭಾಷಣದಿಂದಲೇ.

ಇಷ್ಟೆಲ್ಲ ಹೆಸರಿದ್ದರೂ ಕೆಲಸ ಮಾಡುತ್ತಿರುವುದು ಮನೆಯಂಗಳದಲ್ಲಿ ಎರಡು ಮೂರು ಹೆಣ್ಣು ನಾಯಿ ಇಟ್ಟುಕೊಂಡ ರೈತರು, ಕುರಿಗಾರರು. ಎಲ್ಲ ಹೆಣ್ಣು ಮರಿಯನ್ನೂ ತಾವೇ ಇಟ್ಟುಕೊಂಡು ಸಾಕಲು ಅವರಿಗೆ ಆಗುವುದಿಲ್ಲ. ಹಾಗಂತ ಎಲ್ಲವನ್ನೂ ಮಾರಿಬಿಟ್ಟರೆ ಒಂದೆರಡು ತಲೆಮಾರಿಗೆ ಅಣ್ಣ ತಂಗಿಯನ್ನೇ ಕೂಡಿಸುವ ಪರಿಸ್ಥಿತಿ. ಅದಕ್ಕೇ ಒಳ್ಳೆಯ ಹೆಣ್ಣನ್ನು ಅರ್ಧ ಹಣಕ್ಕೆ ಹೊರಗೆ ಕೊಟ್ಟು, ಗಂಡನ್ನು ತಾವು ಸೂಚಿಸಿ, ಮೊದಲ ಸೂಲಿನಲ್ಲಿ ಒಂದು ಹೆಣ್ಣು ವಾಪಸ್ ಪಡೆಯುತ್ತಾರೆ. ಬೀಜದ ಭತ್ತ ಕೊಟ್ಟು ಸುಗ್ಗಿಯಲ್ಲಿ ವಾಪಸ್ ಅಳೆಸಿಕೊಳ್ಳುತ್ತಿದ್ದರಲ್ಲ ನಮ್ಮ ಹಿರಿಯರು, ಹಾಗೆ. ಮಿಂಚಿ ಅವರ ಬೀಜದ ಭತ್ತ. ನಾವು ಅದನ್ನು ಕುಚ್ಚಿ ಅನ್ನ ಮಾಡಿಕೊಂಡೆವು.

18 ತಿಂಗಳು ಎಂಬುದೂ ಅವರ ಹಟವಾಗಿರಲಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳನ್ನು ತಂದಿದೆ. ಹೆಣ್ಣು ನಾಯಿಗೆ 18 ತಿಂಗಳು ತುಂಬಿರಬೇಕು, ಎಂಟು ವರ್ಷ ದಾಟಿರಬಾರದು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ, ಎಂಟು ವಾರ ಆಗದ ಮರಿಯನ್ನು ಮಾರುವಂತಿಲ್ಲ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇರಬೇಕು. ಇದನ್ನೆಲ್ಲ ಓದಿದ ಮೇಲೆ ಗೊತ್ತಾಯಿತು, ಮರಿ ಮಾರಲೆಂದು ಮಿಂಚಿಯನ್ನು ಕ್ರಾಸ್ ಮಾಡಿಸಿದ ದಿನವೇ ಚಿಕ್ಕಪ್ಪನೂ ಒಬ್ಬ ಬ್ರೀಡರ್ ಆಗಿಬಿಟ್ಟಿದ್ದ, ನೋಂದಣಿಯಿಲ್ಲದ ಬ್ರೀಡರ್. ನಮ್ಮ ಮರಿಗಳು ಮನೆ ಬಿಟ್ಟಾಗ ಅವಕ್ಕೆ ಐದೂವರೆ ವಾರ. ನಮ್ಮ ಸುತ್ತಲಿನ ವಾಟ್ಸಾಪ್ ಗ್ರೂಪುಗಳಲ್ಲಿ 'ಮರಿ ಕೊಡುವುದಿದೆ' ಎಂದು ಫೋಟೋ ಹಾಕುವ ಎಷ್ಟು ಜನರಿಗೆ ಈ ನಿಯಮ ಇದೆಯೆಂದು ಗೊತ್ತಿದೆ, ಕೇಳಿ ನೋಡಿ.

ಬ್ರೀಡರ್ ಅಂದಕೂಡಲೇ ಎಲ್ಲರೂ ನಮ್ಮ ಮುಧೋಳದವರ ಹಾಗೆ ಎಂದೂ ಅಲ್ಲ. ತಾಯಿನಾಯಿಯನ್ನು ತೋರಿಸದೆ ಬಸ್‌ಸ್ಟ್ಯಾಂಡಿನಲ್ಲಿ ರಟ್ಟಿನ ಪೆಟ್ಟಿಗೆ ಕೈಗಿಡುವವರಿದ್ದಾರೆ. ಪಾರ್ವೋ ಬಂದು ವಾರದಲ್ಲಿ ಮರಿ ಸತ್ತರೆ ನಂಬರ್ ಬ್ಲಾಕ್ ಮಾಡುವವರಿದ್ದಾರೆ. 'ಮಾರಿದ ಮರಿ ವಾಪಸ್ ಇಲ್ಲ' ಎಂಬ ಒಂದೇ ಸಾಲಿಗೆ ಸಹಿ ಕೇಳಿ ಅದನ್ನೇ ಅಗ್ರಿಮೆಂಟ್ ಎನ್ನುವವರೂ ಇದ್ದಾರೆ. ಎರಡು ಮೂರು ಸೂಲಿನ ಅರ್ಧ ಮರಿ ತನಗೇ ಬೇಕು, ಖರ್ಚೆಲ್ಲ ನಿಮ್ಮದು ಎನ್ನುವ ಕರಾರನ್ನು ನಾನಾದರೆ ಹರಿದು ಹಾಕುತ್ತೇನೆ. ಆದರೆ ಹರಿಯಬೇಕಾದದ್ದು ಸಹಿಗಿಂತ ಮೊದಲು. ಹೊಲವಿಲ್ಲ, ಓಡಿಸಲು ಜಾಗವಿಲ್ಲ, ಕಟ್ಟದೆ ಸಾಕಲು ಆಗುವುದಿಲ್ಲ ಎಂದು ಚಿಕ್ಕಪ್ಪ ಅಲ್ಲೇ ಹೇಳಿದ್ದರೆ ಅವರು ಬಹುಶಃ ಮರಿಯನ್ನೇ ಕೊಡುತ್ತಿರಲಿಲ್ಲ. ಅದು ಗೊತ್ತಿದ್ದೇ ಅವನು ಹೇಳಲಿಲ್ಲ. ಯಾರಾದರೂ ಮರಿ ತರುವವರಿದ್ದರೆ ಮೊದಲು ಕೇಳಬೇಕಾದದ್ದು ಒಂದೇ: ಸಾಕಲು ಆಗದಿದ್ದರೆ ನೀವು ವಾಪಸ್ ತಗೊಳ್ತೀರಾ? ಹೂಂ ಎಂದು ಬರೆದುಕೊಡುವವರ ಹತ್ತಿರವೇ ತನ್ನಿ. ಬರೆದುಕೊಟ್ಟವರು ನಿಮ್ಮಿಂದಲೂ ಏನಾದರೂ ಬರೆಸಿಕೊಳ್ಳುತ್ತಾರೆ, ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ.

ಅವರು ಎರಡು ಮೂರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ಮಿಂಚಿಗೆ ಗಬ್ಬ ನಿಂತ ಮೇಲೆ ಚಿಕ್ಕಪ್ಪ ಫೋನ್ ಎತ್ತುವುದನ್ನು ಬಿಟ್ಟ. ಪರದೆಯ ಮೇಲೆ 'ಮುಧೋಳ' ಎಂದು ಬಂದರೆ ಮಗುಚಿ ಇಡುತ್ತಿದ್ದ. ಎಂಟು ತಿಂಗಳು ಹೀಗೇ ಹೋಯಿತು. ಕಳೆದ ತಿಂಗಳು ಅದೇ ಹಾಳೆಯಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ.

"ಕಾಗದದ ಮಾತ ಇರ್ಲಿ ಬಿಡ ತಂಗಿ. ನಾಯಿ ಹೆಂಗೈತಿ?"

ಚೆನ್ನಾಗಿದೆ, ಈಗ ತೋಟಕ್ಕೆ ಬೇಲಿ ಹಾಕಿಸಿ ಬೆಳಿಗ್ಗೆ ಸಂಜೆ ಬಿಡುತ್ತಿದ್ದೇವೆ ಎಂದೆ. ಕಳಿಸಿಕೊಡಲಾ ಎಂದೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಂದಿಕೊಂಡಿದ್ದರೆ ಮತ್ತೆ ಮನೆ ಬದಲಿಸುವುದು ಬೇಡ, ಮತ್ತೆ ಮರಿ ಮಾಡಿಸುವುದೂ ಬೇಡ, ಆಪರೇಷನ್ ಮಾಡಿಸಿಬಿಡಿ ಎಂದರು. ಅವರ ಹೆಣ್ಣು ಮರಿಯ ಲೆಕ್ಕ ಎತ್ತಲೇ ಇಲ್ಲ. ಫೋನ್ ಇಡುವ ಮುಂಚೆ ಇನ್ನೊಂದು ಕೇಳಿದರು: "ಏಳೂ ಮರಿ ಎಲ್ಲಿ ಅದಾವ? ಯಾರ್ ಯಾರ ಮನ್ಯಾಗ ಅದಾವ, ಬರದ ಕಳಸ್ತಿಯೇನ?"

ಗಂಡು ಮೂರನ್ನು ಕೊಂಡವರ ನಂಬರ್ ಇತ್ತು, ಕಳಿಸಿದೆ. ಒಂದು ಹೆಣ್ಣು ಪಕ್ಕದ ಮನೆಯಲ್ಲೇ ಇದೆ, ಅದರ ಫೋಟೋ ಕಳಿಸಿದೆ. ಉಳಿದ ಮೂರು ಹೆಣ್ಣು ಮರಿ ಯಾರಿಗೂ ಬೇಕಾಗಿರಲಿಲ್ಲ. ಗೊಬ್ಬರ ಇಳಿಸಲು ಬಂದ ಲಾರಿಯ ಡ್ರೈವರ್ "ನಮ್ಮ ಕಡೆ ಯಾರಾದ್ರೂ ಸಾಕ್ತಾರೆ" ಎಂದು ಕ್ಯಾಬಿನ್ನಿನಲ್ಲಿ ಹಾಕಿಕೊಂಡು ಹೋಗಿದ್ದ. ಅವನು ದಾವಣಗೆರೆ ಕಡೆಯವನು ಎಂಬುದಷ್ಟೇ ಚಿಕ್ಕಪ್ಪನಿಗೆ ಗೊತ್ತು. ಗೊಬ್ಬರದ ಅಂಗಡಿಯಲ್ಲಿ ಕೇಳಿದ, ಆ ಲಾರಿ ಈಗ ಈ ಕಡೆ ಬರುತ್ತಿಲ್ಲವಂತೆ. ಸುಗ್ಗಿ ಮುಗಿದ ಮೇಲೆ ಒಂದು ಸಲ ದಾವಣಗೆರೆಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದಾನೆ.